ಖಾನಾವಳಿ ಬಂದ್ ಆತು, ಸ್ಟೇಟಸ್ ಹಾಕ್ರಿ!

ನಮ್ಮ ಕಡೆ ಮನುಷ್ಯ ಒಳ್ಳೆಯವನು ಅನ್ನಿಸಿಕೊಳ್ಳಬೇಕಾದರೆ ಸಾಯಬೇಕು. ಖಾನಾವಳಿ ರುಚಿ ಅನ್ನಿಸಿಕೊಳ್ಳಬೇಕಾದರೆ ಬಂದ್ ಆಗಬೇಕು. ನಡೆಯುವಷ್ಟು ದಿನ ಅದರ ಪಲ್ಯಕ್ಕೆ ಉಪ್ಪು ಹೆಚ್ಚು, ರೊಟ್ಟಿ ಸೀದದ್ದು, ಮೊಸರಿನಲ್ಲಿ ನೀರು. ಬಾಗಿಲಿಗೆ ಕೀಲಿ ಬಿದ್ದ ಮರುದಿನ ಅದೇ ಪಲ್ಯ ಅಮೃತ, ಅದೇ ರೊಟ್ಟಿ ಪರಂಪರೆ, ಅದೇ ಮೊಸರು ಅವ್ವನ ಕೈರುಚಿ.

ಈ ಶೋಕಾಚರಣೆಗೆ ರಾಜಧಾನಿಯ ಮೇಲ್ಪಂಕ್ತಿಯೂ ಇದೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರು ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಮುಚ್ಚಿತು. 1954ರಲ್ಲಿ ಶುರುವಾಗಿ 70 ವರ್ಷ ನಡೆದ ಹೋಟೆಲು. ಸುದ್ದಿ ಹೊರಬಿದ್ದದ್ದೇ ತಡ, ಕೊನೆಯ ಬಟನ್ ಇಡ್ಲಿಗೆ ಜನ ಮುಗಿಬಿದ್ದರು. ಇಡ್ಲಿ ಆರಿದರೂ ಚಿಂತೆಯಿಲ್ಲ, ಫೋಟೊ ಚೆನ್ನಾಗಿ ಬರಬೇಕು. ಅಲ್ಲಿ ಗಿರಾಕಿಗಳಿಗೆ ಬರವಿರಲಿಲ್ಲ ನಿಜ. ಸಂಪಿಗೆ ರಸ್ತೆಯ ನೆಲದ ಬೆಲೆಯೆದುರು ಯಾವ ಇಡ್ಲಿ ತಾನೇ ನಿಂತೀತು? ಬೆಂಗಳೂರಿನದು ನೆಲದ ಕತೆ. ನಮ್ಮದು ಉದ್ರಿಯ ಕತೆ.

ಗದಗ ಜಿಲ್ಲೆಯ ನಮ್ಮ ಅಡರಕಟ್ಟಿಯವರಿಗೆ ಪೇಟೆ ಎಂದರೆ ಲಕ್ಷ್ಮೇಶ್ವರ. ಪಹಣಿ ಬೇಕೆಂದರೂ, ಶೇಂಗಾ ಮಾರಬೇಕೆಂದರೂ ಅಲ್ಲಿಗೇ ಹೋಗಬೇಕು. 2018ರಲ್ಲಿ ಲಕ್ಷ್ಮೇಶ್ವರ ತಾಲ್ಲೂಕಾಯಿತು. ಕಚೇರಿಗಳು ಹೆಚ್ಚಾದವು, ಕಚೇರಿಗಳ ಜೊತೆಗೆ ‘ನಾಳೆ ಬರ್ರಿ’ಯೂ ಹೆಚ್ಚಾಯಿತು. ನಾಳೆ ಬಂದವನಿಗೆ ಹಸಿವಾಗುತ್ತದೆ, ಹಸಿದವನು ಖಾನಾವಳಿಗೆ ಹೋಗುತ್ತಾನೆ. ಈ ಲೆಕ್ಕದಲ್ಲಿ ನಮ್ಮ ತಾಲ್ಲೂಕಿನ ಖಾನಾವಳಿಗಳು ಇಷ್ಟರಲ್ಲಿ ಏಳು ಅಂತಸ್ತು ಏರಬೇಕಿತ್ತು. ಬದಲಿಗೆ ಒಂದೊಂದಾಗಿ ಬಾಗಿಲು ಎಳೆದುಕೊಳ್ಳುತ್ತಿವೆ.

ಹೆಸರು ಬೇಡ. ನಿಮ್ಮೂರಿನದೇ ಒಂದು ಖಾನಾವಳಿಯನ್ನು ನೆನೆಸಿಕೊಳ್ಳಿ. ಗದಗಿನ ಸಾವಜಿಯಾದರೂ ಆದೀತು, ಶಿರಹಟ್ಟಿಯ ಲಿಂಗಾಯತ ಖಾನಾವಳಿಯಾದರೂ ಆದೀತು, ಮುಂಡರಗಿಯ ಬಸ್ ಸ್ಟ್ಯಾಂಡ್ ಹತ್ತಿರದ್ದಾದರೂ ಆದೀತು. ಬೋರ್ಡಿನ ಮೇಲೆ ಅಜ್ಜನ ಹೆಸರು, ಗೋಡೆಯ ಮೇಲೆ ಅಪ್ಪನ ಫೋಟೊ, ಗಲ್ಲೆಯ ಮೇಲೆ ಮಗ, ಒಲೆಯ ಮುಂದೆ ಸೊಸೆ. ಮೂರು ತಲೆಮಾರು ನಡೆಸಿದ ಖಾನಾವಳಿ ಎಂದು ಪತ್ರಿಕೆಯವರು ಬರೆಯುತ್ತಾರೆ. ಮೂರು ತಲೆಮಾರಿನ ಸೊಸೆಯಂದಿರು ನಸುಕಿನಲ್ಲೆದ್ದು ರೊಟ್ಟಿ ಬಡಿದರು ಎಂದು ಬರೆಯುವುದಿಲ್ಲ. ಪರಂಪರೆಗೆ ಮೀಸೆಯಿರುತ್ತದೆ, ಹಂಚಿನ ಕಾವು ತಾಗಿದ ಕೈ ಇರುವುದಿಲ್ಲ.

ಈಗ ಶೋಕಿಸುವವರನ್ನು ನೋಡೋಣ. ಮೊದಲಿಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಕೀಲಿ ಬಿದ್ದ ದಿನ ಫೋನು ಮಾಡುತ್ತಾನೆ.

“ಏನ್ ಕಾಕಾ, ಬಂದ್ ಮಾಡೇಬಿಟ್ರಿ? ಮನಸಿಗೆ ಭಾಳ ಕೆಟ್ಟ ಅನಿಸ್ತು.”

“ನೀ ಕಡೀಕ ಯಾವಾಗ ಉಂಡಿದ್ದಿ ತಮ್ಮಾ?”

“ಪಿಯುಸಿ ಓದೂ ಮುಂದ ರೀ.”

“ಹೌದಪಾ. ಆ ತಿಂಗಳದ ರೊಕ್ಕಾ ಇನ್ನೂ ಬರಬೇಕಾಗೇತಿ.”

ಫೋನು ಕಟ್ಟಾಗುತ್ತದೆ. ನೆಟ್‌ವರ್ಕ್ ಸಮಸ್ಯೆ. ಸ್ಟೇಟಸ್ ಹಾಕಲು ಮಾತ್ರ ನೆಟ್‌ವರ್ಕ್ ಇರುತ್ತದೆ: ಮುರಿದ ಹೃದಯ ಒಂದು, ಕೈ ಮುಗಿದ ಚಿತ್ರ ಎರಡು.

ಎರಡನೆಯವರು ಊರ ಹಿರಿಯರು. ಊಟದ ದರ ಹತ್ತು ರೂಪಾಯಿ ಏರಿದಾಗ “ಇದೇನ್ ಖಾನಾವಳಿಯೋ ದರೋಡೆಯೋ” ಎಂದವರು ಇವರೇ. ಜೋಳದ ಬೆಂಬಲ ಬೆಲೆಯನ್ನೇ ನೋಡಿ. ಹೈಬ್ರಿಡ್ ಜೋಳಕ್ಕೆ 2014-15ರಲ್ಲಿ ಕ್ವಿಂಟಲಿಗೆ 1,530 ರೂಪಾಯಿ ಇದ್ದದ್ದು 2024-25ಕ್ಕೆ 3,371 ಆಯಿತು. ರೈತರಾಗಿ ಇದೇ ಹಿರಿಯರು ‘ಇನ್ನೂ ಏರಿಸ್ರಿ’ ಎಂದು ತಹಶೀಲ್ದಾರರಿಗೆ ಮನವಿ ಕೊಡುತ್ತಾರೆ. ಮನವಿ ಕೊಟ್ಟು, ಹಸಿದು, ಖಾನಾವಳಿಗೆ ಬಂದು ‘ರೊಟ್ಟಿ ಯಾಕ್ ತುಟ್ಟಿ ಮಾಡೀರಿ’ ಎಂದು ಜಗಳ ತೆಗೆಯುತ್ತಾರೆ. ಜೋಳ ತುಟ್ಟಿಯಾಗಬೇಕು, ರೊಟ್ಟಿ ಅಗ್ಗವಾಗಬೇಕು; ನಡುವಿನ ನಷ್ಟವನ್ನು ಪರಂಪರೆ ತುಂಬಿಕೊಡಬೇಕು. ಅದರ ಮೇಲೆ ಪುಂಡಿಪಲ್ಯ ಇನ್ನೊಂದು ಸಲ, ಗುರೆಳ್ಳ ಚಟ್ನಿ ಇನ್ನೊಂದು ಚಮಚ, ಉಳ್ಳಾಗಡ್ಡಿ ಪುಕ್ಕಟೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರವೂ ಇದೇ ಲೆಕ್ಕ ಮಾಡಿತ್ತು. ಹೋಟೆಲ್ ತಿಂಡಿಗೆ ದರ ಕಟ್ಟಿತು. ಬೆಂಗಳೂರಿನ ಎಂಟಿಆರ್‌ನವರು ತುಪ್ಪ ಕಡಿಮೆ ಮಾಡಲಿಲ್ಲ. ಆ ದರಕ್ಕೇ ಮಾರಿ, ದಿನದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಜನರಿಗೆ ತೋರಿಸಿದರು. ಆಮೇಲೆ ಹೋಟೆಲು ಮುಚ್ಚಿ ದಿಢೀರ್ ತಿಂಡಿಯ ಪೊಟ್ಟಣ ಮಾರಲು ಹೊರಟರು. ನಮ್ಮ ಖಾನಾವಳಿಯವರಿಗೆ ಪೊಟ್ಟಣದ ದಾರಿಯೂ ಇಲ್ಲ. ಖಡಕ್ ರೊಟ್ಟಿ ಕಟ್ಟಿ ಮಾರಬಹುದು ಅನ್ನಿ. ಆದರೆ ಅದನ್ನೂ ಉದ್ರಿ ಕೇಳುತ್ತೇವೆ.

ಮೂರನೆಯವರು ಬೀಗರು. ಖಾನಾವಳಿಯ ಮಗನಿಗೆ ಹೆಣ್ಣು ಕೇಳಲು ಹೋದರೆ, “ನಮ್ಮ ಹುಡುಗೀನ ರೊಟ್ಟಿ ಬಡಿಯಾಕ ಕೊಡಬೇಕೇನ್ರಿ?” ಎಂದು ಚಹಾ ಕೊಟ್ಟು ಕಳಿಸುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನನ್ನ ತಕರಾರು ಇಷ್ಟೇ: ಅದೇ ಬೀಗರು ಖಾನಾವಳಿ ಬಂದ್ ಆದಾಗ “ಹಿಂತಾ ಕೈ ಬಡಿದ ರೊಟ್ಟಿ ಇನ್ನೆಲ್ಲಿ ಸಿಗತಾವ” ಎಂದು ನಿಟ್ಟುಸಿರು ಬಿಡುತ್ತಾರೆ. ರೊಟ್ಟಿ ಬೇಕು, ಬಡಿಯುವ ಕೈ ಮಾತ್ರ ಮಂದಿಯ ಮನೆಯ ಹುಡುಗಿಯದಾಗಿರಬೇಕು. ಬಡಿಯುವವಳಿಗೆ ಗಲ್ಲೆಯ ಮೇಲೆ ಪಾಲು, ಬೋರ್ಡಿನ ಮೇಲೆ ಹೆಸರು ಕೊಡುತ್ತೇವೆ ಎಂದು ಯಾವ ಖಾನಾವಳಿಯ ಮಾವನೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಹೀಗಾಗಿ ಮಗ ಇಂಜಿನಿಯರ್ ಆದ, ಸೊಸೆ ಬ್ಯಾಂಕಿಗೆ ಹೋದಳು, ಹಂಚು ತಣ್ಣಗಾಯಿತು. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಅವರ ಮಟ್ಟಿಗೆ ಅದು ಬಿಡುಗಡೆ.

ಸರ್ಕಾರದ ಕಾಳಜಿಯನ್ನು ಮರೆಯಬಾರದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಳವಾಯಿತು, ಜೋಳಕ್ಕೆ ವೇದಿಕೆ ಸಿಕ್ಕಿತು, ಭಾಷಣ ಸಿಕ್ಕಿತು. ಆ ವರ್ಷವೂ ದಿನಾ ಜೋಳ ಬೇಯಿಸುವ ಖಾನಾವಳಿಯವಳಿಗೆ ಸಿಕ್ಕಿದ್ದು 19 ಕಿಲೋದ ವಾಣಿಜ್ಯ ಸಿಲಿಂಡರಿನ ಬಿಲ್ಲು. ಬೆಂಗಳೂರಿನ ಹವಾನಿಯಂತ್ರಿತ ಹೋಟೆಲಿನಲ್ಲಿ ‘ಉತ್ತರ ಕರ್ನಾಟಕ ಥಾಲಿ’ಗೆ ಎಷ್ಟು ಕೇಳಿದರೂ ನಾವು ಮರುಮಾತಾಡದೆ ಕೊಡುತ್ತೇವೆ. ಅಲ್ಲಿ ರೊಟ್ಟಿ ಎರಡೇ, ಮೂರನೆಯದಕ್ಕೆ ಬೇರೆ ರೊಕ್ಕ. ಯಾರೂ ಜಗಳ ತೆಗೆಯುವುದಿಲ್ಲ. ಏಸಿಯಲ್ಲಿ ಸಿಟ್ಟು ಬರುವುದಿಲ್ಲವಂತೆ.

ಹಾಗಾದರೆ ಸಂಜೆಯ ಹೊತ್ತು ನಮ್ಮ ಜನ ಎಲ್ಲಿದ್ದಾರೆ? ‘ಚೈನೀಸ್’ ಎಂದು ಬರೆದ ಗಾಡಿಯ ಮುಂದೆ. ಗೋಬಿ ಮಂಚೂರಿ ಚೀನಾದಿಂದ ಬಂದದ್ದಲ್ಲ. 1975ರ ಸುಮಾರಿಗೆ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಎಂಬ ಕೋಲ್ಕತ್ತದ ಚೀನೀ ಮೂಲದ ಬಾಣಸಿಗ ಮಾಡಿದ ಚಿಕನ್ ಮಂಚೂರಿಯನ್ನಿನ ಸಸ್ಯಾಹಾರಿ ತಮ್ಮ ಅದು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದುಕೊಂಡ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂತು. ಗಾಡಿಯ ಹುಡುಗನನ್ನು ಬೈಯುವುದು ನನ್ನ ಉದ್ದೇಶವಲ್ಲ, ಅವನದೂ ಹೊಟ್ಟೆಪಾಡು. ಆಶ್ಚರ್ಯ ಗಿರಾಕಿಯದು. ಗಾಡಿಯ ಮುಂದೆ ನಿಂತು, ನಗದು ಕೊಟ್ಟು, ‘ಉದ್ರಿ ಇಲ್ಲ’ ಎಂಬ ಬೋರ್ಡಿಗೆ ನಮಸ್ಕಾರ ಹಾಕಿ ತಿನ್ನುತ್ತಾನೆ. ಅವ್ವನ ಕೈರುಚಿ ಇರುವಲ್ಲಿ ಮಾತ್ರ ಅವನಿಗೆ ಸಾಲದ ಹಕ್ಕು ನೆನಪಾಗುತ್ತದೆ.

ಚೀನಾದ ಮಾತು ಬಂತು, ಹಾಂಗ್‌ಕಾಂಗಿನದನ್ನೂ ಹೇಳಿಬಿಡುತ್ತೇನೆ. ಅಲ್ಲಿ 1976ರಿಂದ ಜಂಬೋ ಎಂಬ ಕ್ಯಾಂಟನೀಸ್ ಅಡುಗೆಯ ತೇಲುವ ಹೋಟೆಲಿತ್ತು. ರಾಣಿ ಎಲಿಜಬೆತ್ ಕೂಡ ಬಂದು ಹೋದ ಜಾಗ. ಕೊರೊನಾ ಕಾಲದಲ್ಲಿ, 2020ರಲ್ಲಿ, ಮುಚ್ಚಿತು. ಸರ್ಕಾರ ಉಳಿಸುತ್ತೇನೆಂದಿತು, ಜನ ನೆನಪು ಹಂಚಿಕೊಂಡರು, ನಡೆಸಲು ಯಾರೂ ಮುಂದೆ ಬರಲಿಲ್ಲ. 2022ರ ಜೂನ್‌ನಲ್ಲಿ ಬೇರೆಡೆಗೆ ಎಳೆದೊಯ್ಯುವಾಗ ದಕ್ಷಿಣ ಚೀನಾ ಸಮುದ್ರದಲ್ಲಿ ಮಗುಚಿತು. ಅಭಿಮಾನ ಅದನ್ನು ತೇಲಿಸಲಿಲ್ಲ. ಗದಗ ಜಿಲ್ಲೆಗೆ ಸಮುದ್ರವಿಲ್ಲ. ನಮ್ಮಲ್ಲಿ ಮುಳುಗಲು ಒಂದು ಉದ್ರಿ ಬುಕ್ಕು ಸಾಕು.

ಪರಂಪರೆಯ ಅಭಿಮಾನಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮೂರಿನಲ್ಲಿ ಇನ್ನೂ ಒಂದು ಖಾನಾವಳಿ ತೆರೆದಿದ್ದರೆ ಇವತ್ತೇ ಹೋಗಿರಿ. ಹೊಟ್ಟೆ ತುಂಬ ಉಣ್ಣಿರಿ, ಕೇಳಿದಷ್ಟು ಕೊಡಿರಿ, ಹಳೆಯ ಬಾಕಿಯಿದ್ದರೆ ತೀರಿಸಿರಿ, ಒಳಗೆ ರೊಟ್ಟಿ ಬಡಿಯುವವಳಿಗೆ ಎಷ್ಟು ಕೂಲಿ ಕೊಡುತ್ತೀರಿ ಎಂದು ಮಾಲೀಕನನ್ನು ಕೇಳಿರಿ. ಇಷ್ಟು ಮಾಡಿದ ಮೇಲೂ ಅದು ಬಂದ್ ಆದರೆ ಅಳಲು ನಿಮಗೆ ಪೂರ್ತಿ ಹಕ್ಕಿದೆ. ಮಾಡದವರು ದಯವಿಟ್ಟು ಸ್ಟೇಟಸ್ ಹಾಕಬೇಡಿ.