ಹೊಗೆಯ ಮೇಲೆ ಯಾಕೆ ಗೂಬೆ? ದೆಹಲಿಯಿಂದೊಂದು ಬಹಿರಂಗ ಪತ್ರ

ಗಾಳಿ, ಬಿಸಿಲು, ನಮ್ಮ ಆರೋಗ್ಯ ಮೂರರ ಉಸ್ತುವಾರಿಯನ್ನೂ ಹೊತ್ತ ಮಾನ್ಯರಿಗೆ ದೆಹಲಿವಾಸಿ ಕನ್ನಡಿಗನೊಬ್ಬನ ದೀರ್ಘದಂಡ ನಮಸ್ಕಾರಗಳು.

ಸಾವಿಗಾಗಲಿ ಕಾಯಿಲೆಗಾಗಲಿ ವಾಯುಮಾಲಿನ್ಯವೊಂದೇ ಕಾರಣ ಎನ್ನಲು ಖಚಿತ ದತ್ತಾಂಶ ದೇಶದಲ್ಲಿಲ್ಲವೆಂದು ತಾವು ಸಂಸತ್ತಿನಲ್ಲಿ ಮತ್ತೆ ಮತ್ತೆ ಹೇಳುತ್ತ ಬಂದಿದ್ದೀರಿ. ಓದಿ ಮನಸ್ಸು ಹಗುರಾಯಿತು. ನಿರಾಳವಾಗಿ ಉಸಿರೆಳೆದುಕೊಳ್ಳಲು ಹೋಗಿ ಕೆಮ್ಮು ಬಂತು. ಎರಡಕ್ಕೂ ನಾನು ಸಂಬಂಧ ಕಲ್ಪಿಸುತ್ತಿಲ್ಲ, ಗಮನಿಸಬೇಕು.

ಆದರೆ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಮೇಲೆ ತಾವೊಂದು ಕಣ್ಣಿಡುವುದು ಒಳ್ಳೆಯದು. ಅಲ್ಲಿ ಪ್ರತಿ ಕರೆಯ ಹೊತ್ತು, ಜಾಗ, ತೊಂದರೆ ದಾಖಲಾಗುತ್ತದೆ: ಎದೆನೋವು, ಉಸಿರುಗಟ್ಟುತ್ತಿದೆ, ಪ್ರಜ್ಞೆ ತಪ್ಪಿದೆ. ಕಾರಣ 'ಹೊಗೆ' ಎಂದು ಯಾರೂ ಬರೆಸುವುದಿಲ್ಲ, ಅಷ್ಟರಮಟ್ಟಿಗೆ ತಾವು ಕ್ಷೇಮ. ಕಿಡಿಗೇಡಿ ಸಂಶೋಧಕರು ಮಾತ್ರ ಈ ದಾಖಲೆಯ ಪಕ್ಕದಲ್ಲಿ ಆಯಾ ದಿನದ ಉಷ್ಣಾಂಶ, ಗಾಳಿಯ ಗುಣಮಟ್ಟ ಇಟ್ಟು ನೋಡುವ ಚಾಳಿ ಬೆಳೆಸಿಕೊಂಡಿದ್ದಾರೆ. ಬಿಸಿಲು ಏರಿದರೆ ಅವತ್ತೋ ಮರುದಿನವೋ ಕರೆಗಳೂ ಏರುತ್ತವಂತೆ. ಚಳಿ ನಿಧಾನಸ್ಥ, ದಿನಗಟ್ಟಲೆ ಬಿಟ್ಟು ಕಾಡುತ್ತದೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರಿ, ಆಸ್ತಮಾದವರ ಜೊತೆ ಹೃದ್ರೋಗಿಗಳನ್ನೂ ಗಾಡಿ ಹತ್ತಿಸುತ್ತವೆ. ಜಪಾನಿನವರಂತೂ ಹೀಟ್ ಸ್ಟ್ರೋಕ್ ಆಗಿ ಆಂಬುಲೆನ್ಸ್ ಹತ್ತಿದವರ ಲೆಕ್ಕವನ್ನು ಬೇಸಿಗೆಯಿಡೀ ವಾರವಾರ ಪ್ರಕಟಿಸುತ್ತಾರೆ. 2024ರ ಮೇಯಿಂದ ಸೆಪ್ಟೆಂಬರ್‌ವರೆಗೆ 97 ಸಾವಿರಕ್ಕೂ ಹೆಚ್ಚು! ಹೀಗೆ ಎಣಿಸುತ್ತ ಕೂತರೆ ಮುಂದಿನ ವರ್ಷ ಎಷ್ಟು ಗಾಡಿ ಬೇಕೆಂಬುದೂ ಗೊತ್ತಾಗಿಬಿಡುತ್ತದೆ. ಯಾರಿಗೆ ಬೇಕು ಈ ರಗಳೆ?

ಅಳತೆಯ ವಿಷಯದಲ್ಲಿ ನಾವು ಸಂಯಮಿಗಳು. 2024ರ ನವೆಂಬರ್ 18ರಂದು ದೆಹಲಿಯ ಗಾಳಿ 494 ಮುಟ್ಟಿತು. ನಮ್ಮ ಸೂಚ್ಯಂಕ 500ಕ್ಕೆ ಮುಗಿಯುವುದರಿಂದ ಇನ್ನೂ ಆರು ಅಂಕ ಉಳಿದಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯದೇ ಮುಂಗೇಶ್‌ಪುರದ ಉಷ್ಣಮಾಪಕ 52.9 ಡಿಗ್ರಿ ತೋರಿಸಿದಾಗ, ಅದು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿದೆಯೆಂದು ಹವಾಮಾನ ಇಲಾಖೆ ಪತ್ತೆಹಚ್ಚಿತು. ಬರೀ ಐವತ್ತರ ಹತ್ತಿರ ಎಂದು ತಿಳಿದು ಊರೇ ತಣ್ಣಗಾಯಿತು.

ಅಂಥದೊಂದು ದಿನ ಮಧ್ಯಾಹ್ನ ಎರಡರ ಬಿಸಿಲಿಗೆ ಗಾರೆ ಕೆಲಸದವನೊಬ್ಬ ಕುಸಿಯುತ್ತಾನೆ. ಮೈ ಮುಟ್ಟಿದರೆ ಸುಡುತ್ತದೆ, ಏನೇನೋ ಬಡಬಡಿಸುತ್ತಾನೆ. ಆಂಬುಲೆನ್ಸ್ ಬರುವವರೆಗೆ ಮೇಸ್ತ್ರಿ ಅವನನ್ನು ನೆರಳಿಗೆಳೆದು, ಸಿಮೆಂಟ್ ಹತ್ತಿದ ಬಕೆಟ್ಟಿನಲ್ಲೇ ನೀರು ತಂದು ಸುರಿಯುತ್ತಾನೆ. ಒಳಮೈಯ ಶಾಖ 40 ಡಿಗ್ರಿ ದಾಟಿದವನನ್ನು ಮೊದಲು ತಂಪು ಮಾಡಬೇಕು, ಸಾಗಿಸುವುದು ಆಮೇಲೆ. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯವರು 2024ರ ಆ ಬೇಸಿಗೆಯಲ್ಲಿ ತೊಟ್ಟಿ, ಮಂಜುಗಡ್ಡೆ ಇಟ್ಟುಕೊಂಡದ್ದೂ ಇದಕ್ಕೇ. ಯಾವ ಸುತ್ತೋಲೆಯೂ ಇಲ್ಲದೆ ಸರಿಯಾದ ಕೆಲಸ ಮಾಡಿದ ಮೇಸ್ತ್ರಿಗೆ ಕಾರಣ ಕೇಳಿ ನೋಟಿಸ್ ಕೊಡಬಹುದು.

ಇನ್ನು ನನ್ನದೊಂದು ಸಲಹೆ. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಎಂಥ ಹೊಗೆಮಂಜು ಕವಿಯಿತೆಂದರೆ, ದಾರಿ ಕಾಣದೆ ಆಂಬುಲೆನ್ಸುಗಳೇ ನಿಂತವು. ರೋಗಿಗಳು ತಾವೇ ಆಸ್ಪತ್ರೆಯ ದಾರಿ ಹಿಡಿದರು. ಗಾಡಿ ಇಲ್ಲದಿದ್ದರೆ ಕರೆ ಇಲ್ಲ, ಕರೆ ಇಲ್ಲದಿದ್ದರೆ ದತ್ತಾಂಶವೂ ಇಲ್ಲ. ಅವಸರದ ಇಂಗ್ಲಿಷರು 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ತಂದು ಇಂಥ ಅನುಕೂಲವನ್ನು ಕಳೆದುಕೊಂಡರು. ತಾವು ಹಾಗೆ ದುಡುಕುವವರಲ್ಲ ಎಂಬ ಭರವಸೆ ನನಗಿದೆ.

ಇಂತಿ,
ಮೂಗು, ಬಾಯಿ ಎರಡೂ ಮುಚ್ಚಿಕೊಂಡಿರುವ
ತಮ್ಮ ವಿಧೇಯ ಪ್ರಜೆ