ಉಪ್ಪು ತಿಂದ ಎಂಜಿನ್

"ಜೆಟ್ ಬೋಟಂದ್ರ ಏನ್ ಮಹಾ ಆತು ತಮ್ಮಾ? ದಂಡಿ ಮ್ಯಾಲೆ ಕುಂತ್ರ ಪಂಪ್‌ಸೆಟ್ಟು, ದಂಡಿ ಬಿಟ್ಟು ಓಡಿದ್ರ ಜೆಟ್ ಬೋಟು. ಅಷ್ಟಽ."

ಬೇಲಿಯಾಚೆ ನಿಂತು ಬೇವಿನ ಕಡ್ಡಿ ಅಗಿಯುತ್ತ ನಮ್ಮ ಕಾಕಾ ಹೀಗೆ ತೀರ್ಪು ಕೊಟ್ಟರೆ ಅದಕ್ಕೆ ಮೇಲ್ಮನವಿ ಇಲ್ಲ. ಕೊಟ್ಟೂರಿನವರು ಸಮುದ್ರ ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ನಮ್ಮ ಸೀಮೆಯಲ್ಲಿ ಕೆರೆ ಕೋಡಿ ಬಿದ್ದರೆ ಹೆಂಗಸರು ಬಾಗಿನ ಹಿಡಿದು ಹೊರಡುತ್ತಾರೆ, ಗಂಡಸರು ಮೊಬೈಲು ಹಿಡಿದು. ಅಂಥ ಊರಲ್ಲಿ ಕೂತು ಕಡಲಿನ ದೋಣಿಯ ಬಗ್ಗೆ ಮಾತಾಡಲು ಅಧಿಕಾರ ಬೇಕಲ್ಲ, ಅದು ಕಾಕಾಗೆ ಇದೆ. ಅವರು ಲೇತ್ ಕೆಲಸ ಕಲಿತದ್ದು ಹರಿಹರದಲ್ಲಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲಕ್ಕೆ ಹರಪನಹಳ್ಳಿ ಕಡೆಯ ಹುಡುಗರಿಗೆ ಹರಿಹರವೇ ಕಾಶಿ. ಆಮೇಲೆ ಕೂಡ್ಲಿಗಿಯ ಶೇಂಗಾ ಹೊಲದಿಂದ ಹಡಗಲಿಯ ಮಲ್ಲಿಗೆ ತೋಟದವರೆಗೆ ಕಾಕಾ ಕೈಯಾಡಿಸದ ಡೀಸೆಲ್ ಎಂಜಿನ್ ಇಲ್ಲ.

ವಿಷಯ ಇಷ್ಟು. ಕಾರವಾರದ ಕಡೆ ನೌಕರಿಯಲ್ಲಿರುವ ಕಾಕಾನ ಅಳಿಯನ ಗೆಳೆಯನೊಬ್ಬ ಎರಡು ಎಂಜಿನ್ನಿನ ಹಳೇ ಜೆಟ್ ಬೋಟೊಂದನ್ನು ಗುಜರಿ ರೇಟಿಗೆ ಹಿಡಿದಿದ್ದಾನೆ. ವರ್ಷಗಟ್ಟಲೆ ಉಪ್ಪುನೀರಿನ ದಡದಲ್ಲಿ ಬಿದ್ದ ಮಾಲು. ರಿಪೇರಿ ಆಗುತ್ತದೋ ಇಲ್ಲವೋ ಮಾವನನ್ನು ಕೇಳು ಅಂದಿದ್ದಾನೆ. ಅಳಿಯ ಫೋಟೋ ಕಳಿಸಿದ್ದಾನೆ, ಮಾವ ಕನ್ನಡಕ ಹಾಕಿಕೊಂಡಿದ್ದಾರೆ, ಬೇಲಿಯ ಈಚೆ ನಾನು ಸಿಕ್ಕಿಬಿದ್ದಿದ್ದೇನೆ.

ಪಂಪ್‌ಸೆಟ್ಟಿನ ಮಾತು ತಮಾಷೆಯಲ್ಲ, ನಿಜ. ಈ ಬೋಟನ್ನು ಬಳಕೆಗೆ ತಂದ ಬಿಲ್ ಹ್ಯಾಮಿಲ್ಟನ್ ನ್ಯೂಜಿಲೆಂಡಿನ ಕುರಿ ಸಾಕಣೆಯ ರೈತ. ಅವರ ಸೀಮೆಯ ಹೊಳೆಗಳು ಸೆಳೆತದವು, ಆದರೆ ಆಳವಿಲ್ಲ. ಕೆಳಗೆ ಫ್ಯಾನು ತಿರುಗಿಸುವ ಮಾಮೂಲಿ ಮೋಟಾರು ಬೋಟು ತಂದರೆ ಕಲ್ಲಿಗೆ ಬಡಿದು ರೆಕ್ಕೆ ಮುರಿಯುತ್ತಿತ್ತು. ಫ್ಯಾನೇ ಬೇಡ ಎಂದು 1950ರ ದಶಕದಲ್ಲಿ ಆತ ದೋಣಿಯೊಳಗೆ ಪಂಪು ಕೂರಿಸಿದ. ತಳದಲ್ಲಿ ನೀರೆಳೆಯುವ ಜಾಲರಿ, ಒಳಗೆ ಇಂಪೆಲ್ಲರ್, ಹಿಂದೆ ನಾಜಲ್. ಹಿಂದಕ್ಕೆ ನೀರು ಚಿಮ್ಮಿದಷ್ಟೂ ದೋಣಿ ಮುಂದಕ್ಕೆ ಓಡುತ್ತದೆ. ಮೊದಲು ನೀರಿನ ಧಾರೆಯನ್ನು ದೋಣಿಯ ಅಡಿಯಲ್ಲೇ ಬಿಡುತ್ತಿದ್ದರು, ಅಷ್ಟು ವೇಗ ಬರಲಿಲ್ಲ. ನಾಜಲನ್ನು ನೀರಿನ ಮಟ್ಟದಿಂದ ಮೇಲಕ್ಕೆತ್ತಿದ ಮೇಲೆ ದೋಣಿ ಜಿಗಿಯಿತು. 1960ರಲ್ಲಿ ಇಂಥವೇ ಬೋಟುಗಳು ಅಮೆರಿಕದ ಕೊಲೊರಾಡೊ ಹೊಳೆಯ ಮಹಾಕಂದರದಲ್ಲಿ ಪ್ರವಾಹಕ್ಕೆ ಎದುರಾಗಿ ಹತ್ತಿಬಂದವು. ಚುಕ್ಕಾಣಿಗೆ ಬೇರೆ ಹಲಗೆ ಇಲ್ಲ, ನಾಜಲ್ ತಿರುಗಿಸಿದ ಕಡೆಗೆ ಬೋಟು. ಎಂಜಿನ್ ನಿಂತರೆ ತಿರುವೂ ಇಲ್ಲ.

"ನೋಡು, ರೈತ ಮಾಡಿದ್ದು," ಅಂದರು ಕಾಕಾ, ತಮ್ಮದೇ ಬಳಗದವನೊಬ್ಬ ನ್ಯೂಜಿಲೆಂಡಿನಲ್ಲಿ ಸಿಕ್ಕ ಹಾಗೆ. "ಇಂಜಿನಿಯರು ಆಗಿದ್ರ ಹೊಳಿ ಆಳ ಮಾಡ್ರಿ ಅಂತ ಎಸ್ಟಿಮೇಟ್ ಹಾಕ್ತಿದ್ದ."

ಆಮೇಲೆ ಫೋಟೋಗಳು. ಜೆಟ್ಟಿನ ಅಲ್ಯುಮಿನಿಯಂ ಮೈಮೇಲೆಲ್ಲ ಬಿಳಿ ಹಿಟ್ಟು ಉಕ್ಕಿದೆ, ಅದನ್ನು ಕೆರೆದಲ್ಲಿ ಗುಳಿ ಗುಳಿ. ಜಾಲರಿಯ ಸಂದಿಯಲ್ಲಿ ಚಿಪ್ಪಿನ ಹುಳುಗಳು ಸಂಸಾರ ಹೂಡಿವೆ. ಎಂಜಿನ್ನಿನ ಹೊಗೆ ಹೋಗುವ ಮನಿಫೋಲ್ಡಿನಿಂದ ತುಕ್ಕಿನ ಕಣ್ಣೀರು ಇಳಿದು ಒಣಗಿದೆ. ಒಂದು ಎಂಜಿನ್ ಕದಲುತ್ತಿಲ್ಲ. ಇನ್ನೊಂದು ಅರ್ಧ ಸುತ್ತು ಬಂದು "ಟಕ್" ಅಂತ ನಿಲ್ಲುತ್ತದೆ.

ಕಾಕಾ ಮೊದಲು ಕೇಳಿದ್ದು ಎಂಜಿನ್ನಿನ ಬಗ್ಗೆ ಅಲ್ಲ, ಸತುವಿನ ಬಗ್ಗೆ. ಸಮುದ್ರದ ನೀರು ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಹೊತ್ತಿರುತ್ತದೆ. ಅದರಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಇಂಪೆಲ್ಲರೂ ಅಲ್ಯುಮಿನಿಯಂ ಕವಚವೂ ಒಟ್ಟಿಗೆ ಮುಳುಗಿದರೆ ಎರಡರ ನಡುವೆ ಸಣ್ಣಗೆ ಕರೆಂಟು ಹರಿದು ಅಲ್ಯುಮಿನಿಯಂ ಕರಗುತ್ತದೆ. ಅಲ್ಯುಮಿನಿಯಂ ಡಬರಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟು ಅತ್ತೆಯಿಂದ ಬೈಸಿಕೊಂಡ ಸೊಸೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಬೋಟಿನ ತಳಕ್ಕೆ ಸತುವಿನ ಗಟ್ಟಿ ಕಚ್ಚಿಸುತ್ತಾರೆ. ತಿನ್ನುವುದಿದ್ದರೆ ಉಪ್ಪು ಮೊದಲು ಅದನ್ನು ತಿನ್ನಲಿ ಎಂದು. ಸತು ಸವೆದಾಗ ಬದಲಿಸಿದರೆ ಬೋಟು ಉಳಿಯಿತು. ಬದಲಿಸುವವರಿಲ್ಲದಿದ್ದರೆ ಸತು ಮುಗಿದ ದಿನದಿಂದ ಬೋಟಿನ ಸರದಿ. ಫೋಟೋದಲ್ಲಿ ಸತುವಿನ ಜಾಗದಲ್ಲಿ ಎರಡು ಬೋಲ್ಟು ಮಾತ್ರ ಕಂಡವು.

"ನಮ್ಮ ಸೌಳು ನೀರೇನು ಕಡಿಮೀನಾ ಕಾಕಾ?" ಅಂದೆ. ಈ ಮಾತಿಗೇ ಅವರು ಕಾದಿದ್ದರು.

ನಮ್ಮ ಹಳೇ ಲಿಸ್ಟರ್ ಮಾದರಿಯ ಎಂಜಿನ್ನುಗಳನ್ನು ನೆನಪಿಸಿಕೊಳ್ಳಿ. ಒಂದೇ ಸಿಲಿಂಡರು, ಎರಡು ದೊಡ್ಡ ಚಕ್ರ, ನಿಮಿಷಕ್ಕೆ 650 ಸುತ್ತು, ಊರಾಚೆಗೂ ಕೇಳುವ ಗುಡುಗುಡು. ಅದಕ್ಕೆ ರೇಡಿಯೇಟರ್ ಎಲ್ಲಿತ್ತು? ಪಂಪು ಎತ್ತಿದ ನೀರಿನಲ್ಲೇ ಒಂದು ಸಣ್ಣ ಪೈಪು ಸೀಳಿ ಎಂಜಿನ್ನಿನ ಮೈಯೊಳಗೆ ಹಾಯಿಸಿ ಮತ್ತೆ ಕಾಲುವೆಗೆ ಬಿಡುತ್ತಿದ್ದರು. ಕಡಲಿನ ಎಷ್ಟೋ ಬೋಟುಗಳಲ್ಲೂ ವ್ಯವಸ್ಥೆ ಇದೇ, ನೀರು ಮಾತ್ರ ಬೇರೆ. ನಮ್ಮ ಬಾವಿ ಬೋರಿನ ಗಡಸು ನೀರು ಬಿಸಿ ತಾಗಿದ ಕೂಡಲೇ ಒಳಗೋಡೆಗೆ ಸುಣ್ಣ ಕಟ್ಟುತ್ತಿತ್ತು. ಸುಣ್ಣ ದಪ್ಪವಾದಷ್ಟೂ ನೀರಿಗೆ ದಾರಿ ಕಿರಿದು, ಎಂಜಿನ್ನಿಗೆ ಜ್ವರ. ಹೆಡ್ಡು ಬಿರುಕು ಬಿಟ್ಟಮೇಲೆ ರೈತ ಕಾಕಾನ ಶೆಡ್ಡಿಗೆ ಬರುತ್ತಿದ್ದ, ಜೊತೆಗೆ "ಕಂಪನಿ ಮಾಲೇ ಸರಿ ಇಲ್ಲ" ಎಂಬ ಶಾಪವನ್ನೂ ತರುತ್ತಿದ್ದ. ಕಾಕಾ ತೆಳು ಆ್ಯಸಿಡ್ಡಿನಲ್ಲಿ ಸುಣ್ಣ ಬಿಡಿಸಿ, ಸೋಡಾ ನೀರಿನಲ್ಲಿ ತೊಳೆದು ಕೊಡುತ್ತಿದ್ದರು. ಅದು ಬೀಡಿನ ಬ್ಲಾಕಿಗೆ ಸರಿ. ಅದೇ ಹುಮ್ಮಸ್ಸಿನಲ್ಲಿ ಬೋಟಿನ ಅಲ್ಯುಮಿನಿಯಂ ಮೇಲೆ ಆ್ಯಸಿಡ್ಡೋ ಕಾಸ್ಟಿಕ್ ಸೋಡಾವೋ ಸುರಿದರೆ ಉಪ್ಪು ಬಿಟ್ಟ ಕೆಲಸವನ್ನು ನಾವೇ ಮುಗಿಸಿದಂತೆ. ಇದನ್ನು ಅಳಿಯನಿಗೆ ಮೊದಲು ಫೋನ್ ಮಾಡಿ ಹೇಳಿ ಅಂದೆ. "ಹೇಳೀನಿ ಬಿಡು, ನಾ ಏನು ಸಣ್ಣ ಹುಡುಗನಾ" ಅಂದರು. ಮರುಕ್ಷಣ ಒಳಗೆ ಹೋಗಿ ಫೋನ್ ಮಾಡಿದ್ದು ಬೇಲಿಯ ಈಚೆಗೂ ಕೇಳಿಸಿತು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಬೋಟಿನವರಿಗೆ ಅದು ಗಾದೆಯಲ್ಲ, ದಿನಚರಿ. ಕಡಲಿಂದ ದಡಕ್ಕೆ ಬಂದ ಕೂಡಲೇ ಸಿಹಿನೀರಿನ ಪೈಪು ಕಚ್ಚಿಸಿ ಎಂಜಿನ್ನಿನ ಒಳಗನ್ನೆಲ್ಲ ತೊಳೆಯಬೇಕು. ನೀರು ಆರಿಹೋದರೆ ಉಪ್ಪೂ ಹೋಯಿತು ಅನ್ನುವುದು ಭ್ರಮೆ. ಉಪ್ಪು ಅಲ್ಲೇ ಕೂತು ಗಾಳಿಯ ತೇವ ಹೀರಿಕೊಂಡು ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇರುತ್ತದೆ. ಮಳೆಗಾಲದ ಕರಾವಳಿಯಲ್ಲಿ ತೇವಕ್ಕೇನು ಬರವೇ? ಓಡುವ ಬೋಟಿಗಿಂತ ನಿಂತ ಬೋಟು ಬೇಗ ಹಾಳಾಗುವುದು ಇದರಿಂದಲೇ. ನನಗನ್ನಿಸುವುದು, ಆ ಎಂಜಿನ್ನುಗಳನ್ನು ಕೊಂದದ್ದು ಸಮುದ್ರವಲ್ಲ, ಕಡೇ ಸಲ ದಡಕ್ಕೆ ತಂದು ಬೀಗದಕೈ ಕಿಸೆಗೆ ಹಾಕಿಕೊಂಡು ನಡೆದವನು.

ಕದಲದ ಎಂಜಿನ್ನಿಗೆ ಕಾಕಾನ ಔಷಧಿ ಹಳೆಯದು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಸಿಲಿಂಡರಿನೊಳಗೆ ಡೀಸೆಲ್ಲೂ ತೆಳು ಎಣ್ಣೆಯೂ ಬೆರೆಸಿ ಹೊಯ್ದು, ವಾರಗಟ್ಟಲೆ ಮರೆತುಬಿಡಬೇಕು. ಆಮೇಲೆ ಚಕ್ರಕ್ಕೆ ಪಾನಾ ಹಾಕಿ ಒಂಚೂರು ಆಕಡೆ, ಒಂಚೂರು ಈಕಡೆ. ಸೆಲ್ಫ್ ಒತ್ತುವುದು ಮಹಾಪಾಪ. ಒಳಗೆ ನೀರು ನಿಂತಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಅರ್ಧ ಸುತ್ತಿಗೆ "ಟಕ್" ಅನ್ನುವ ಎರಡನೇ ಎಂಜಿನ್ನಿನ ಮೇಲೆ ಕಾಕಾಗೆ ಅದೇ ಗುಮಾನಿ. ಅಲ್ಲಿಗೆ ನೀರು ಹೊಕ್ಕಿದ್ದು ಎಲ್ಲಿಂದ? ಮನಿಫೋಲ್ಡಿನಿಂದ. ಹೊಗೆಯ ಕೊಳವೆಯ ಸುತ್ತ ತಂಪಿಗೆಂದು ಉಪ್ಪುನೀರು ಹರಿಯುತ್ತದೆ. ನಡುವಿನ ಬೀಡಿನ ಗೋಡೆ ಒಳಗೊಳಗೇ ಸವೆದು ತೂತು ಬಿದ್ದರೆ ನೀರು ಸದ್ದಿಲ್ಲದೆ ಸಿಲಿಂಡರಿಗೆ ಇಳಿಯುತ್ತದೆ. ಹೊರಗಿನ ಬಣ್ಣ ನೋಡಿ ಬೋಟು ಕೊಂಡವರು ಮುಗ್ಗರಿಸುವುದು ಇಲ್ಲೇ. ಮೊದಲು ಬಿಚ್ಚಬೇಕಾದ್ದು ಮನಿಫೋಲ್ಡು, ಆಮೇಲೆ ಮಿಕ್ಕದ್ದು.

"ಸಿಹಿನೀರಾಗ ಇದ್ದ ಸರಪಣಿನಽ ಹರೀತು, ಇದು ಉಪ್ಪುನೀರು," ಅಂದರು ಕಾಕಾ. ಯಾವ ಸರಪಣಿ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಣಿ ಕಡಿದುಕೊಂಡು ಕೊಚ್ಚಿಹೋಯಿತು. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು, 33 ಗೇಟು, ಒಂದು ಕೊಂಡಿ. ಹಗರಿಬೊಮ್ಮನಹಳ್ಳಿಯ ಹಿನ್ನೀರಿನ ಜನ ಕಣ್ಣೆದುರೇ ನೀರು ಇಳಿಯುವುದನ್ನು ನೋಡಿದರು. ಕನ್ನಯ್ಯ ನಾಯ್ಡು ಎಂಬ ಇಳಿವಯಸ್ಸಿನ ಗೇಟು ತಜ್ಞರು ಬಂದು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದಾಗ ಕಾಕಾ ಟೀವಿ ಮುಂದೆ ಕೈಮುಗಿದಿದ್ದರು. ಮಂತ್ರಿಗಳಿಗಲ್ಲ.

ಈಗ ಲೆಕ್ಕ. ನನ್ನ ಮಾತು ಕೇಳಿದರೆ ಬೋಟಿನ ಮೈ ಉಳಿಸಿ, ಜೆಟ್ಟನ್ನು ಬಿಚ್ಚಿ ನೋಡಿ, ಎಂಜಿನ್ನುಗಳನ್ನು ಗುಜರಿಗೆ ಹಾಕುವುದೇ ಸರಿ. ಲೈನರು, ಪಿಸ್ಟನ್, ಬೇರಿಂಗು, ಮನಿಫೋಲ್ಡು ಎಂದು ಸೇರಿಸುತ್ತ ಹೋದರೆ ಎರಡು ಸತ್ತ ಎಂಜಿನ್ನಿನ ಖರ್ಚಿಗೆ ಜೀವವಿರುವ ಒಂದು ಬಂದೀತು. ಕಾಕಾ ಒಪ್ಪಲಿಲ್ಲ. ಎರಡರಲ್ಲಿ ಒಳ್ಳೆಯ ಸಾಮಾನು ಆರಿಸಿ ಒಂದು ಎಂಜಿನ್ ಎಬ್ಬಿಸುತ್ತೇನೆ ಅಂದರು. ಎಬ್ಬಿಸಿಯಾರು. ಎರಡರ ಜಾಗದಲ್ಲಿ ಒಂದೇ ಎಂಜಿನ್ ಹಾಕಿದ ಬೋಟು ಸೀದಾ ಹೋಗುತ್ತದೋ ವಾರೆ ಹೋಗುತ್ತದೋ ಎಂದು ಕೇಳಿದ್ದಕ್ಕೆ ಬೇವಿನ ಕಡ್ಡಿ ಈ ಗಲ್ಲದಿಂದ ಆ ಗಲ್ಲಕ್ಕೆ ಹೋಯಿತು, ಉತ್ತರ ಬರಲಿಲ್ಲ.

ಹುರುಪು ತುಂಬೋಣವೆಂದು ಹಿಲರಿಯ ಕಥೆ ಹೇಳಿದೆ. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1977ರಲ್ಲಿ ಮೂರು ಜೆಟ್ ಬೋಟು ತಂದು ಗಂಗಾಸಾಗರದ ಉಪ್ಪುನೀರಿನಿಂದ ಹೊರಟು ಗಂಗೆಯನ್ನು ಎದುರಿಸುತ್ತ ಹಿಮಾಲಯದ ನಂದಪ್ರಯಾಗದವರೆಗೆ ಹೋದರು. ಅಲ್ಲಿ ಒಂದು ಜಲಪಾತ ಅಡ್ಡ ಬಂತು. ಬೋಟುಗಳ ಹೆಸರು ಗಂಗಾ, ಏರ್ ಇಂಡಿಯಾ, ಕಿವಿ.

"ಗಂಗಾ ಸರಿ. ಏರ್ ಇಂಡಿಯಾನೂ ಇರ್ಲಿ. ಬೋಟಿಗೆ ಯಾರಾರ ಕಿವಿ ಅಂತ ಹೆಸರಿಡ್ತಾರೇನು?"

ಅದು ನ್ಯೂಜಿಲೆಂಡಿನ ಹಕ್ಕಿ ಎಂದು ಹೇಳುವಷ್ಟರಲ್ಲಿ ಕಾಕಾನ ತಲೆಯಲ್ಲಿ ಬೇರೆ ಯೋಜನೆ ಎದ್ದಿತ್ತು. ಬೋಟು ಎದ್ದರೆ ಇಲ್ಲಿಗೇ ತರಿಸಿ ತುಂಗಭದ್ರೆಯ ಹಿನ್ನೀರಿನಲ್ಲಿ ಬಿಡುವುದು! ಹಡಗಲಿಯ ಹೂವು ಹಡಗೇರಿ ಹಂಪಿಗೆ ಹೋಗುತ್ತಿತ್ತೆಂದು ಆ ಊರಿನವರು ಹೇಳುವುದುಂಟಲ್ಲ, ನಾವು ಜೆಟ್ಟಿನಲ್ಲಿ ಕಳಿಸೋಣ ಅಂದರು. ಹಿನ್ನೀರಿನಲ್ಲಿ ಮೀನುಗಾರರ ಬಲೆ ಇರುತ್ತದೆ, ಜೊಂಡು ಇರುತ್ತದೆ. ಜಾಲರಿಗೆ ಕಸ ಕಟ್ಟಿತೋ, ನಮ್ಮ ಪಂಪಿಗೆ ಗಾಳಿ ಹಿಡಿದಾಗ ಆಗುವುದೇ ಇಲ್ಲೂ: ಎಂಜಿನ್ ಅರಚುತ್ತದೆ, ಬೋಟು ನಿಂತಲ್ಲೇ. ಬೇಸಿಗೆಗೆ ನೀರು ಹಿಂದೆ ಸರಿದರೆ ಅದೇ ಜಾಗದಲ್ಲಿ ಬಿತ್ತನೆ ನಡೆಯುತ್ತದೆ. ಇನ್ನು ಅಲ್ಲಿಯ ಹರಿಗೋಲನ್ನು ನೋಡಿ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟ ಅದೇ ದುಂಡು ಬುಟ್ಟಿ, ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ ಅಷ್ಟೆ. ತೂತು ಬಿದ್ದರೆ ಒಂದಿಷ್ಟು ಡಾಂಬರು ಬಳಿದು ಮಧ್ಯಾಹ್ನಕ್ಕೆ ಮತ್ತೆ ನೀರಿಗೆ. ಸತು ಬೇಡ, ಮನಿಫೋಲ್ಡು ಬೇಡ.

"ಹರಗೋಲದಾಗ ಕುಂತವರಿಗೆ ವಯಸ್ಸಾಗ್ತೈತಿ ದಂಡಿ ಮುಟ್ಟೋದ್ರಾಗ," ಅಂದು ಕಾಕಾ ಫೋನ್ ತೆಗೆದು ಇಂಪೆಲ್ಲರಿನ ಫೋಟೋ ದೊಡ್ಡದು ಮಾಡಿದರು. ಇಂಪೆಲ್ಲರಿಗೂ ಸುತ್ತಲಿನ ರಿಂಗಿಗೂ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು, ಇದ್ದರೆ ನೀರು ಹಿಂದಕ್ಕೆ ಜಾರುತ್ತದೆ, ನಮ್ಮ ಪಂಪಿನದೂ ಅದೇ ಕಥೆ, ಆ ರಿಂಗು ಒಂದನ್ನು ಕೊರಿಯರ್ ಮಾಡಲು ಹೇಳ್ತೀನಿ, ಹರಪನಹಳ್ಳಿಯಲ್ಲಿ ಲೇತಿಗೆ ಕೊಟ್ಟು ಹೊಸದು ಕಡೆಸ್ತೀನಿ ಎಂದು ಶುರುವಿಟ್ಟರು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಕಾಕಿಯ ದನಿ ಬಂತು: "ತ್ರೀ ಫೇಸ್ ಬಂತು ನೋಡ್ರಿ! ಮೊದ್ಲು ನಮ್ಮ ಮೋಟ್ರ ಹಚ್ರಿ, ಆಮ್ಯಾಲೆ ಕಾರವಾರದ್ದು ನೋಡಾಣಂತ!"