ರೀಲುರಾಯನ ಏಕಾದಶಿ

ರೀಲುರಾಯನನ್ನು ಗುರುತು ಹಿಡಿಯುವುದು ಸುಲಭ. ವಯಸ್ಸು ಇಪ್ಪತ್ತೈದರ ಆಸುಪಾಸು, ಹೆಗಲಲ್ಲಿ ಬಟ್ಟೆಯ ಚೀಲ, ಕೊರಳಲ್ಲಿ ಹೊಚ್ಚಹೊಸ ಫಿಲ್ಮ್ ಕ್ಯಾಮೆರಾ, ಜೇಬಿನಲ್ಲಿ ಅದಕ್ಕಿಂತ ಸ್ಪಷ್ಟವಾಗಿ ಚಿತ್ರ ತೆಗೆಯುವ ಫೋನು. ಮೇಜಿಗೆ ಕಾಫಿ ಬಂದರೆ ಕುಡಿಯುವುದಿಲ್ಲ. ಕಿಟಕಿಯ ಬೆಳಕು ನೋಡುತ್ತಾನೆ, ಲೋಟವನ್ನು ಅರ್ಧ ಗೇಣು ಸರಿಸುತ್ತಾನೆ, ಉಸಿರು ಬಿಗಿಹಿಡಿದು ಒಂದೇ ಒಂದು ಸಲ ಗುಂಡಿ ಒತ್ತುತ್ತಾನೆ. ಅಷ್ಟರಲ್ಲಿ ಕಾಫಿ ಆರಿರುತ್ತದೆ. ‘ಎಲ್ಲಿ, ತೋರಿಸು’ ಎಂದು ಗೆಳೆಯ ಕೈ ಚಾಚಿದರೆ ‘ಇದು ರೀಲು ಮಾರಾಯ, ತೊಳೆಸಬೇಕು’ ಎನ್ನುತ್ತಾನೆ. ಕ್ಯಾಮೆರಾಕ್ಕೆ ಕೊಟ್ಟ ಹಣವೆಲ್ಲ ಆ ಒಂದು ಮಾತಿನಲ್ಲೇ ವಸೂಲಾದಂತೆ ಮುಖ ಅರಳುತ್ತದೆ. ಆಮೇಲೆ, ಯಾವುದಕ್ಕೂ ಇರಲಿ ಎಂದು, ಫೋನಿನಲ್ಲೂ ಒಂದು ತೆಗೆದುಕೊಳ್ಳುತ್ತಾನೆ.

ಇದು ಹಳೆಯ ಕಾಲದ ಹಂಬಲ ಎಂದು ಹಿರಿಯರು ಹೇಳುವುದುಂಟು. ಆ ಮಾತು ನಿಲ್ಲುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲನ್ನು ಇವನು ಮುಟ್ಟಿಯೂ ನೋಡಿಲ್ಲ. 2012ರಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿದಾಗ ಇನ್ನೂ ಶಾಲೆಯಲ್ಲಿದ್ದ. ನಿಜವಾಗಿ ಆ ಕಾಲ ಕಂಡವರಿಗೆ, ಬೆಳಕು ಬಿದ್ದು ಇಡೀ ಮದುವೆಯ ರೀಲೇ ಹಾಳಾದದ್ದು ನೆನಪಿರುವವರಿಗೆ, ಅಂಥ ಹಂಬಲವೇನೂ ಇಲ್ಲ. ಇವನಿಗೆ ಬೇಕಾದದ್ದು ಕಟ್ಟುಪಾಡು. ಅದೂ ಏಕಾದಶಿಯಂಥದ್ದು: ಅನ್ನ ಬಿಟ್ಟೆನೆಂಬ ಪುಣ್ಯವೂ ಸಿಗಬೇಕು, ತಟ್ಟೆ ತುಂಬ ಉಪ್ಪಿಟ್ಟೂ ಇರಬೇಕು.

ಕ್ಯಾಮೆರಾ ಮಾಡುವವರು ಇದನ್ನು ಅವನಿಗಿಂತ ಚೆನ್ನಾಗಿ ಅರಿತಿದ್ದಾರೆ ಎಂಬುದಕ್ಕೆ 2024ರ ಜೂನ್‌ನಲ್ಲಿ ಪ್ರಕಟವಾದ ಜಪಾನಿನ ಪೆಂಟ್ಯಾಕ್ಸ್ 17 ಸಾಕ್ಷಿ. ಬಂದಾಗ ಬೆಲೆ 500 ಡಾಲರಿನ ಹತ್ತಿರವಿತ್ತು. ಒಂದು ಚಿತ್ರದ ಜಾಗದಲ್ಲಿ ಎರಡು ಚಿತ್ರ ಹಿಡಿಯುವ ಹಾಫ್ ಫ್ರೇಮ್ ಇದು. 36ರ ರೀಲಿನಲ್ಲಿ 72 ಚಿತ್ರ. 1959ರ ಒಲಿಂಪಸ್ ಪೆನ್ ಇದೇ ಉಪಾಯ ಮಾಡಿದ್ದು ಫಿಲ್ಮಿನ ಖರ್ಚು ಉಳಿಸಲು. ಈಗಲೂ ಖರ್ಚು ಉಳಿಯುತ್ತದೆ, ನಿಜ. ಆದರೆ ಕ್ಯಾಮೆರಾವನ್ನು ಎಂದಿನಂತೆ ಅಡ್ಡಲಾಗಿ ಹಿಡಿದರೂ ಚಿತ್ರ ಉದ್ದುದ್ದ ಬರುತ್ತದೆ, ಫೋನಿನ ಪರದೆಗೆ ಹೇಳಿಮಾಡಿಸಿದ ಹಾಗೆ. ರೀಲು ಸರಿಸಲು ಮೋಟರು ಕೂರಿಸುವುದು ಕಷ್ಟವಿರಲಿಲ್ಲ. ಬೇಕೆಂದೇ ಸನ್ನೆ (ಲಿವರ್) ಇಟ್ಟು ಹೆಬ್ಬೆರಳಿಗೆ ಕೆಲಸ ಕೊಟ್ಟಿದ್ದಾರೆ. ಬೆಳಕಿನ ಲೆಕ್ಕವನ್ನು ಮಾತ್ರ ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ದೂರವನ್ನು ಅಂದಾಜು ಮಾಡಿ ಚಿಹ್ನೆಯ ಮೇಲೆ ತಿರುಗಿಸಬೇಕು. ಬೆಟ್ಟಕ್ಕೊಂದು ಚಿಹ್ನೆ, ಹೂವಿಗೊಂದು, ಮೇಜಿನ ಮೇಲಿನ ತಿಂಡಿಗೆ ಮುಳ್ಳುಚಮಚ-ಚಾಕುವಿನದೊಂದು! ಗಿರಾಕಿಯನ್ನು ಇಷ್ಟು ಸರಿಯಾಗಿ ಅಳೆದ ದರ್ಜಿ ಸಿಗುವುದು ಅಪರೂಪ. ಅದೇ ವರ್ಷ ಹಾಂಗ್‌ಕಾಂಗ್‌ನ ಮಿಂಟ್ ಕಂಪನಿ ತಂದ ರೋಲೈ 35ಎಎಫ್‌ನಲ್ಲಂತೂ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇದೆ. ಒಳಗಿರುವುದು ಅದೇ ಅಜ್ಜನ ಕಾಲದ ರೀಲು.

ಹಾಗಾದರೆ ಇದೆಲ್ಲ ಬರೀ ಸೋಗೇ? ಹೌದೆನ್ನಲು ಒಂದು ಬಲವಾದ ಕಾರಣವಿದೆ. ತೊಳೆದ ರೀಲನ್ನು ಲ್ಯಾಬಿನವರು ಸ್ಕ್ಯಾನ್ ಮಾಡಿ ಲಿಂಕ್ ಕಳಿಸುತ್ತಾರೆ; ರಾಯರು ಅದನ್ನು ಫೋನಿಗೆ ಇಳಿಸಿಕೊಂಡು ಇನ್‌ಸ್ಟಾಗ್ರಾಂಗೆ ಏರಿಸುತ್ತಾರೆ. ಅಲ್ಲಿಗೆ ಫಿಲ್ಮು ಸುತ್ತುಬಳಸಿ ತಂದ ಡಿಜಿಟಲ್ ಚಿತ್ರವಾಯಿತು. ಒಪ್ಪೋಣ. ಆದರೆ ಸುತ್ತುಬಳಸಿ ಬಂದದ್ದಕ್ಕೂ ಒಂದು ಲಾಭವಿದೆ: ಒತ್ತುವ ಮುಂಚೆ ಅವನು ನೋಡಿದ್ದಾನೆ. ಒಂದೇ ಲೋಟದ ನಲವತ್ತು ಚಿತ್ರ ಫೋನಿನಲ್ಲಿಟ್ಟು ಒಂದನ್ನೂ ಮರಳಿ ನೋಡದವರು ಈ ವಿಷಯದಲ್ಲಿ ಅವನನ್ನು ಆಡಿಕೊಳ್ಳುವ ಹಾಗಿಲ್ಲ. ಇನ್ನು ‘ಅಷ್ಟೊಂದು ಹುಚ್ಚಿದ್ದರೆ ಹಳೆಯ ಕ್ಯಾಮೆರಾ ಕೊಳ್ಳಬಹುದಲ್ಲ’ ಎನ್ನುವವರು ಕಾಂಟ್ಯಾಕ್ಸ್ ಟಿ2 ಕಡೆ ನೋಡಲಿ. 1990ರ ಈ ಪುಟ್ಟ ಕ್ಯಾಮೆರಾವನ್ನು ಖ್ಯಾತನಾಮರು ಕೈಗೆತ್ತಿಕೊಂಡ ಮೇಲೆ ಬೆಲೆ ಮುಗಿಲು ಮುಟ್ಟಿತು. ತಯಾರಿಸುತ್ತಿದ್ದ ಕ್ಯೋಸೆರಾ 2005ರಲ್ಲೇ ಆ ವ್ಯಾಪಾರ ಬಿಟ್ಟಿತು. ಒಳಗಿನ ಸರ್ಕ್ಯೂಟ್ ಕೆಟ್ಟರೆ ಬಿಡಿಭಾಗ ಸಿಗುವುದು ದುರ್ಲಭ. ಹೊಸದನ್ನು ಮಾಡಲೇಬೇಕಿತ್ತು. ರೀಲು ಸುತ್ತುವ ಸನ್ನೆಯ ಮರ್ಮ ತಿಳಿಯಲು ಪೆಂಟ್ಯಾಕ್ಸ್‌ನ ಹುಡುಗರು ನಿವೃತ್ತ ಎಂಜಿನಿಯರರ ಬಳಿ ಪಾಠ ಹೇಳಿಸಿಕೊಂಡರು. ಆ ವಿದ್ಯೆ ಹಿರಿಯರ ಜೊತೆಗೇ ಹೋಗದೆ ಉಳಿದದ್ದು ನಮ್ಮ ರಾಯನ ಸೋಗಿನ ದುಡ್ಡಿನಿಂದಲೇ.

ಆದ್ದರಿಂದ ರಾಯ, ಕಾಫಿ ಆರಿಸಿಕೊಂಡೇ ಕುಡಿ, ನಮ್ಮ ತಕರಾರಿಲ್ಲ. ಲಿಂಕ್ ಬಂತೆಂದು ನೆಗೆಟಿವ್‌ಗಳನ್ನು ಮಾತ್ರ ಲ್ಯಾಬಿನಲ್ಲೇ ಬಿಟ್ಟುಬರಬೇಡ, ಕೇಳಿ ಇಸಿದುಕೋ.